ಹಾಸಿಗೆಯ ಆ ಬದಿಗೊಬ್ಬ ಆಳು

ದೇಶದಲ್ಲಿ ದೊಡ್ಡ ಉದ್ಯಮಗಳು ಇಷ್ಟಿವೆ ಎಂದು ಸರ್ಕಾರ ಒಂದು ಲೆಕ್ಕ ಹೇಳುತ್ತದಲ್ಲ, ಅದರಲ್ಲಿ ಒಂದನ್ನು ಕಳೆದು ಓದಿಕೊಳ್ಳಿ. ಆ ಒಂದು ನಾನು. ನಮ್ಮ ಪೇಟೆಯ ಹಾಸಿಗೆ ತಯಾರಿಕೆಯಲ್ಲಿ ಬೃಹತ್ ಉದ್ಯಮಗಳು ಒಂದೇ ವರ್ಷದಲ್ಲಿ ಇಮ್ಮಡಿಯಾದದ್ದು ಹೇಗೆ ಎಂದು ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದಾರಂತೆ. ಇದರಲ್ಲಿ ಕೆರೆದುಕೊಳ್ಳುವಂಥದ್ದೇನಿಲ್ಲ. ಮೊದಲು ಒಂದಿತ್ತು, ನಾನು ಸೇರಿ ಎರಡಾಯಿತು.

ನನ್ನದು ಹತ್ತಿ ಹಾಸಿಗೆಯ ಅಂಗಡಿ. ಅದರ ವಿಸ್ತಾರ ಎಂಥದ್ದೆಂದರೆ, ಹಾಸಿಗೆ ಒಳಗೆ ಮಲಗಿದರೆ ನಾನು ಹೊರಗೆ ನಿಲ್ಲಬೇಕು. ನಾನು ಒಳಗೆ ಕೂತರೆ ಹಾಸಿಗೆ ಎದ್ದು ನಿಲ್ಲಬೇಕು. ಆದರೆ ಕೆಲಸ? ನಾನು ಹೊಲಿದ ಹಾಸಿಗೆಯ ಮೇಲೆ, ಸುಮ್ಮನೆ ಮೆತ್ತಗಿದೆಯೇ ನೋಡೋಣವೆಂದು ಒರಗಿದ ಕಳ್ಳನೊಬ್ಬ, ಕದಿಯಲು ಬಂದ ಮನೆಯಲ್ಲೇ ಬೆಳಗಾಗುವವರೆಗೆ ಗೊರಕೆ ಹೊಡೆದು, ಮನೆಯವರು ಕೊಟ್ಟ ಟೀ ಕುಡಿದು, ನನ್ನ ವಿಳಾಸ ಬರೆದುಕೊಂಡು ಹೋಗಿದ್ದಾನೆ. ಈಗ ನನ್ನ ಕಾಯಂ ಗಿರಾಕಿ.

ಹಾಸಿಗೆ ಹೊಲಿಯುವುದು ಇಬ್ಬರ ಕೆಲಸ. ಹತ್ತಿ ತುಂಬಿದ ಹಾಸಿಗೆಯನ್ನು ಮರದ ಚೌಕಟ್ಟಿಗೆ ಬಿಗಿದು, ಅಂಗಡಿಯ ಮುಂದಿನ ಜಗಲಿಯ ಮೇಲೆ ಗೋಡೆಯ ಹಾಗೆ ನಿಲ್ಲಿಸುತ್ತೇವೆ. ರಸ್ತೆಯ ಬದಿಗೆ ಒಬ್ಬ, ಅಂಗಡಿಯ ಬದಿಗೆ ಒಬ್ಬ. ಈ ಬದಿಯವನು ಮೊಳದುದ್ದದ ದಬ್ಬಣವನ್ನು ಹುರಿಯ ಸಮೇತ ಚುಚ್ಚಿ ಆ ಕಡೆಗೆ ತಳ್ಳುತ್ತಾನೆ. ಆ ಬದಿಯವನು ಎಳೆದುಕೊಂಡು, ಒಂದಿಷ್ಟು ಜಾಗ ಬಿಟ್ಟು ಮತ್ತೆ ಈ ಕಡೆಗೆ ಕಳಿಸುತ್ತಾನೆ. ಮುಖ ಕಾಣುವುದಿಲ್ಲ, ಮಾತು ಮಾತ್ರ ಹತ್ತಿಯನ್ನು ಹಾದು ಮೆತ್ತಗಾಗಿ ಬರುತ್ತದೆ. ಮುಖ ನೋಡಿ ಹೇಳಲಾಗದ್ದನ್ನೆಲ್ಲ ನಾನೂ ನನ್ನ ತಮ್ಮನೂ ಹೀಗೆಯೇ ಹೇಳಿಕೊಂಡದ್ದು. ನನಗೆ ಹೆಣ್ಣು ಗೊತ್ತಾದದ್ದನ್ನು ನಾನು ಅವನಿಗೆ ಹೇಳಿದ್ದು ಹತ್ತಿಯ ಮೂಲಕ. ಅವನು ಬಿಟ್ಟು ಹೋಗುವುದನ್ನು ಅವನು ನನಗೆ ಹೇಳಿದ್ದೂ ಹತ್ತಿಯ ಮೂಲಕವೇ.

"ಅಣ್ಣ, ನಾನು ಎದುರುಗಡೆ ಸೇರ್ಕೊಂಡೆ."

"ಎದುರುಗಡೇನೇ ಇದ್ದೀಯಲ್ಲೋ."

"ಅಲ್ಲ ಅಣ್ಣ. ರಸ್ತೆ ಆಚೆ."

ರಸ್ತೆಯ ಆಚೆ ಇರುವುದು ಸ್ಪಂಜಿನ ಹಾಸಿಗೆಯ ಕಂಪನಿಯ ಶೋರೂಂ. ದೇಶದ ಮೂಲೆ ಮೂಲೆಯಲ್ಲೂ ಅವರಿಗೆ ಅಂಥ ಗಾಜಿನ ಅರಮನೆಗಳಿವೆ. ಅಲ್ಲಿ ನನ್ನ ತಮ್ಮನಿಗೆ ಸಿಕ್ಕಿದ ಹುದ್ದೆಯ ಹೆಸರು 'ನಿದ್ರಾ ಸಲಹೆಗಾರ'. ಅಂದರೆ ಬೆಳಗಿನಿಂದ ಸಂಜೆಯವರೆಗೆ ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಟ್ಟು, ಗಾಜಿನ ಹಿಂದೆ, ದಾರಿಹೋಕರಿಗೆ ಕಾಣುವ ಹಾಗೆ ಮಲಗಿರುವುದು. ಚಿಕ್ಕಂದಿನಲ್ಲಿ ಅವನು ಹೊತ್ತೇರಿದರೂ ಏಳದಿದ್ದಾಗ ನಮ್ಮಪ್ಪ ಬೈಯುತ್ತಿದ್ದರು, "ಮಲಗಿದ್ರೆ ಯಾರು ಸಂಬಳ ಕೊಡ್ತಾರೋ ನಿನಗೆ?" ಎಂದು. ಪಾಪ, ಅಪ್ಪನಿಗೆ ಆಧುನಿಕ ಆರ್ಥಿಕತೆಯ ಪರಿಚಯವಿರಲಿಲ್ಲ.

ಅವನು ಹೋದ ಮೇಲೆ ನಾನು ಎರಡೂ ಬದಿ ಒಬ್ಬನೇ ಹೊಲಿಯತೊಡಗಿದೆ. ಈ ಕಡೆಯಿಂದ ಚುಚ್ಚುವುದು, ಚೌಕಟ್ಟನ್ನು ಸುತ್ತಿ ಆ ಕಡೆಗೆ ಓಡಿ ಎಳೆಯುವುದು, ಚುಚ್ಚುವುದು, ಮತ್ತೆ ಈ ಕಡೆಗೆ ಓಡುವುದು. ಹಾಗೆ ಓಡಿದ ದೂರವನ್ನು ನೆಟ್ಟಗೆ ಓಡಿದ್ದರೆ ಮೂರು ದೇಶಗಳ ಗಡಿ ದಾಟಿ, ಪಾಸ್‌ಪೋರ್ಟ್ ಇಲ್ಲದ್ದಕ್ಕೆ ನಾಲ್ಕನೆಯದರ ಜೈಲಿನಲ್ಲಿರುತ್ತಿದ್ದೆ. ರಸ್ತೆಯ ಬದಿಗೆ ಬಂದಾಗಲೆಲ್ಲ ಒಮ್ಮೆ ಗಾಜಿನ ಕಡೆ ನೋಡುವುದು. ಅದು ಕುತ್ತಿಗೆಗೆ ವ್ಯಾಯಾಮವೆಂದು ಯಾರೋ ವೈದ್ಯರು ಹೇಳಿದ್ದಾರೆ.

"ರೀ, ಹೀಗೆ ಸುತ್ತೋ ಬದಲು ಒಂದ್ಸಲ ರಸ್ತೆ ದಾಟಿ, ವಾಪಸ್ ಬಾರಪ್ಪ ಅಂತ ಕೇಳ್ಬಾರ್ದಾ?" ಎಂದಳು ನನ್ನ ಹೆಂಡತಿ.

"ನಾನ್ಯಾಕೆ ಕೇಳ್ಲಿ? ಈ ಅಂಗಡಿ ಎಂಥದ್ದು ಅಂತ ಗೊತ್ತಾದ್ರೆ ಅವನೇ ಓಡಿ ಬರ್ತಾನೆ."

"ಹುಟ್ಟಿದಾಗಿಂದ ಇಲ್ಲೇ ಬೆಳೆದೋನಿಗೆ ಇನ್ನೂ ಗೊತ್ತಾಗಿಲ್ವಾ?"

ನಾನು ದಬ್ಬಣ ಎಳೆಯಲು ಆ ಬದಿಗೆ ಓಡಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಉದ್ಯಮಗಳ ಗಣತಿ ಮಾಡುವ ಮೇಡಂ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೈಯಲ್ಲಿ ಉತ್ತರಗಳನ್ನು ಒತ್ತಿ ತುಂಬುವ ಒಂದು ಯಂತ್ರ. ನನ್ನ ಸ್ಟೂಲಿನ ಮೇಲೆ ಕೂತು ಉಸ್ಸೆಂದರು.

"ಎಷ್ಟು ಜನ ಕೆಲಸ ಮಾಡ್ತೀರಿ ಇಲ್ಲಿ? ಒಬ್ರೇನಾ? ಬೆಳಗ್ಗಿಂದ ಅದೇ ಆಯ್ತು. ಒಬ್ರೇ, ಗಂಡ-ಹೆಂಡ್ತಿ, ಅಪ್ಪ-ಮಗ. ಪೇಟೆ ತುಂಬ ಒಬ್ಬೊಬ್ರೇ. ಇಂಥೋರ ಬೆನ್ನ ಮೇಲೇ ದೇಶ ನಿಂತಿದೆ ಅಂತಾರೆ ನಮ್ಮ ಮೇಲಿನೋರು. ಎಣಿಸೋರ ಕಾಲು ಏನಾಗ್ಬೇಕು ಅಂತ ಯಾರೂ ಕೇಳಲ್ಲ."

'ಒಬ್ಬನೇ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರಿನ ಗಾಜಿನ ಬಾಗಿಲು ತೆರೆಯಿತು. ನನ್ನ ತಮ್ಮ ಟೀ ಕುಡಿಯಲು ಮೆಟ್ಟಿಲ ಮೇಲೆ ಬಂದು ನಿಂತ. ನಮ್ಮ ರಸ್ತೆ ಎಷ್ಟು ಕಿರಿದೆಂದರೆ, ಆಚೆಯವರು ಸೀನಿದರೆ ಈಚೆಯವರಿಗೆ ನೆಗಡಿ. ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ವಿಭಾಗವಾರು ಹೇಳ್ಲಾ ಮೇಡಂ, ಒಟ್ಟಾಗಿ ಹೇಳ್ಲಾ?" ಎಂದು ಕೂಗಿದೆ.

ಮೇಡಂ ಬೆಚ್ಚಿದರು. "ವಿಭಾಗಗಳಿವೆಯಾ?"

"ಹತ್ತಿ ಖರೀದಿ ವಿಭಾಗ, ಹಿಂಜೋ ವಿಭಾಗ, ತುಂಬೋ ವಿಭಾಗ, ಸಾಗಾಣಿಕೆ ವಿಭಾಗ. ಹೊಲಿಗೆಗೆ ಮಾತ್ರ ಎರಡು: ಈಬದಿ ವಿಭಾಗ, ಆಬದಿ ವಿಭಾಗ. ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯಸ್ಥರು."

"ಎಲ್ರೂ ಎಲ್ಲಿ?"

"ಓಡಾಡ್ತಿದ್ದಾರೆ ಮೇಡಂ. ನಮ್ಮಲ್ಲಿ ಕೂತು ಸಂಬಳ ತಗೊಳ್ಳೋರಿಲ್ಲ. ಮಲಗಿ ತಗೊಳ್ಳೋರಂತೂ ಇಲ್ವೇ ಇಲ್ಲ."

ನನ್ನ ತಮ್ಮ ಲೋಟದೊಳಗೆ ಮುಖ ಹುದುಗಿಸಿದ.

"ಶಾಖೆಗಳು?"

"ದಿಂಬಿನ ಶಾಖೆ ನಮ್ಮ ಮನೆಯಲ್ಲಿ. ಹಳೇ ಹತ್ತಿಯ ಶಾಖೆ ಮಾವನೋರ ಮನೆ ಅಟ್ಟದ ಮೇಲೆ."

"ರಫ್ತು?"

"ಇದೆ. ಹೋದ ವರ್ಷ ನಮ್ಮ ದಿಂಬು ವಿಮಾನ ಹತ್ತಿದೆ." ಅದನ್ನು ಕುತ್ತಿಗೆ ನೋವಿನ ಮುದುಕಿಯೊಬ್ಬಳು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದಳು ಎಂಬ ವಿವರವನ್ನು ಯಂತ್ರ ಕೇಳಲಿಲ್ಲ.

"ಎಲ್ಲಾ ವಿಭಾಗದಲ್ಲೂ ಜನ ಭರ್ತಿ ಇದ್ದಾರಾ?"

"ಆಬದಿ ವಿಭಾಗದಲ್ಲಿ ಒಂದು ಹುದ್ದೆ ಖಾಲಿ ಇದೆ!" ಇದನ್ನು ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ, ಬೀದಿಯ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಅರ್ಜಿ ಹಾಕುವಂತೆ ಬಾಲ ಅಲ್ಲಾಡಿಸಿತು. ನನ್ನ ತಮ್ಮ ಕಾಗದದ ಲೋಟವನ್ನು ಹಿಸುಕಿ ಬುಟ್ಟಿಗೆ ಹಾಕಿ ಒಳಗೆ ಹೋದ.

ಮೇಡಂ ಕೈಯ ಯಂತ್ರ 'ಟಿಣ್' ಎಂದಿತು. ಅವರ ಮುಖ ಅರಳಿತು. "ಅಬ್ಬ, ಬೆಳಗ್ಗಿಂದ ಒಂದಾದ್ರೂ ದೊಡ್ಡದು ಸಿಕ್ತಲ್ಲ!" ಎಂದು ನನ್ನ ಬಾಗಿಲಿಗೆ 'ಬೃಹತ್ ಉದ್ಯಮ' ಎಂಬ ಹಸಿರು ಚೀಟಿ ಅಂಟಿಸಿಬಿಟ್ಟರು. ತಮಾಷೆಗೆ ಹೇಳಿದೆ ಎನ್ನೋಣವೆಂದರೆ, ಯಂತ್ರ ಅಷ್ಟರಲ್ಲಿ ನನ್ನನ್ನು ರಾಜಧಾನಿಗೆ ಕಳಿಸಿಯಾಗಿತ್ತು.

ಮರುದಿನ ಕ್ಷೌರಕ್ಕೆ ಹೋದೆ. ಪಕ್ಕದ ಕಟಿಂಗ್ ಶಾಪಿನವನು ನಮ್ಮ ಸಣ್ಣ ವ್ಯಾಪಾರಿಗಳ ಸಂಘದ ಅಧ್ಯಕ್ಷ. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದ. ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದ:

"ಅಲ್ಲ ಸ್ವಾಮಿ, ನಿಮ್ಮ ಬಾಗಿಲಿಗೆ ಹಸಿರು ಚೀಟಿ ಅಂಟಿಸಿದ್ದಾರಂತೆ, ನಿಜಾನಾ?"

"ಸರ್ಕಾರ ಗುಣ ನೋಡಿ ಅಂಟಿಸಿದೆ."

ಅವನು ಕತ್ತಿ ಮಡಚಿದ. "ಹಾಗಾದ್ರೆ ಏಳಿ."

"ಇನ್ನೊಂದು ಕೆನ್ನೆ?"

"ಅದು ಬಂಡವಾಳಶಾಹಿ ಕೆನ್ನೆ. ಸಂಘದ ನಿಯಮ ಮರೆತ್ರಾ? 'ದೊಡ್ಡ ಕಂಪನಿಗಳಿಗೆ ಸದಸ್ಯರು ಯಾವ ಸೇವೆಯನ್ನೂ ಒದಗಿಸತಕ್ಕದ್ದಲ್ಲ.' ನಿಮ್ಮ ತಮ್ಮ ಆಚೆ ಸೇರಿದ ವಾರ ನೀವೇ ಮೇಜು ಗುದ್ದಿ ಮಾಡಿಸಿದ್ದು. ಆ ಮೇಜಿನ ಕಾಲು ಇನ್ನೂ ಸರಿಹೋಗಿಲ್ಲ."

"ನಾನು ದೊಡ್ಡೋನಲ್ಲ ಮಾರಾಯಾ, ನಿನ್ನಷ್ಟೇ ಸಣ್ಣೋನು!"

"ಈಗ ಹಾಗಂತೀರಿ. ದೊಡ್ಡೋರೆಲ್ಲ ಕಷ್ಟ ಬಂದಾಗ ಹಾಗೇ ಅನ್ನೋದು."

ಬಲಗೆನ್ನೆ ಕನ್ನಡಿಯಂತೆ, ಎಡಗೆನ್ನೆ ಹಿಮಾಚ್ಛಾದಿತ ಶಿಖರದಂತೆ, ನಾನು ಬೀದಿಗಿಳಿದೆ. ಗಾಜಿನ ಹಿಂದೆ ತಮ್ಮ ಮಲಗಿದ್ದ. ಕಣ್ಣು ತೆರೆಯುವುದು ಅವನ ಕೆಲಸದ ಕರಾರಿಗೆ ವಿರುದ್ಧ. ಆದರೂ ಒಂದು ಕಣ್ಣು ತೆರೆಯಿತು. ನನ್ನನ್ನು ಕಂಡಿತು. ಮುಚ್ಚಿತು. ಆಮೇಲೆ ಮಂಚ ಅಲುಗಾಡತೊಡಗಿತು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಅಲುಗಾಡುವುದೂ ಹಾಸಿಗೆಯ ಒಂದು ಗುಣವೆಂದು ತಿಳಿದ ಗಿರಾಕಿಯೊಬ್ಬರು ಅಲ್ಲೇ ಎರಡು ಬುಕ್ ಮಾಡಿದರಂತೆ. ನನ್ನ ಅರ್ಧ ಮುಖ ಆ ಕಂಪನಿಗೆ ಮಾಡಿಕೊಟ್ಟ ವ್ಯಾಪಾರವನ್ನು ಅವರ ಜಾಹೀರಾತು ವಿಭಾಗ ಇಡೀ ವರ್ಷ ಮಾಡಿಕೊಟ್ಟಿಲ್ಲ.

ಮನೆಗೆ ಹೋಗಿ ಉಳಿದದ್ದನ್ನು ಬೋಳಿಸಿಕೊಳ್ಳಬಹುದಿತ್ತು. ಆದರೂ ನೊರೆ ಒಣಗಿ ಉದುರುವವರೆಗೆ ಅಲ್ಲೇ ನಿಂತಿದ್ದೆ. ಅವನು ನಗುವುದನ್ನು ನೋಡಿ ಬಹಳ ದಿನವಾಗಿತ್ತು.

ದೊಡ್ಡ ಉದ್ಯಮವೆಂದ ಮೇಲೆ ಕಾರ್ಮಿಕ ನಾಯಕರು ಬರಲೇಬೇಕಲ್ಲ? ಬಂದರು. ಪೇಟೆಯವರು ಅವರಿಗೆ ಇಟ್ಟ ಹೆಸರು ಧಿಕ್ಕಾರಪ್ಪ. ಮೈಕಿಲ್ಲದೆ ಮಾತಾಡಿದರೂ ಮೈಕಿನಲ್ಲಿ ಮಾತಾಡಿದಂತಿರುವ ಮನುಷ್ಯ. ಹೊಲಿಗೆಗೆ ನಿಲ್ಲಿಸಿದ್ದ ಹಾಸಿಗೆಯ ಮುಂದೆ, ರಸ್ತೆಯ ಬದಿಗೆ, ಎದೆಯುಬ್ಬಿಸಿ ನಿಂತರು.

"ಎಲ್ಲಿ ನಿಮ್ಮ ಕಾರ್ಮಿಕರು?"

ಗಾಜಿನ ಹಿಂದೆ ಮತ್ತೆ ಒಂದು ಕಣ್ಣು ತೆರೆದಿತ್ತು. "ಹಾಸಿಗೆ ಹಿಂದೆ. ಆಬದಿ ವಿಭಾಗದಲ್ಲಿ," ಎಂದೆ.

"ನೀವು ಒಳಗೆ ಹೋಗಿ. ಯಜಮಾನ ಎದುರಿಗಿದ್ರೆ ಕಾರ್ಮಿಕ ಬಾಯಿ ಬಿಡಲ್ಲ."

ಒಳಗೆ ಹೋಗುವುದೆಂದರೆ ಹಾಸಿಗೆಯ ಹಿಂದೆ ಹೋಗುವುದೇ. ಹೋದೆ. ಧ್ವನಿ ಗುರುತು ಸಿಗದಿರಲೆಂದು ಮೂಗು ಹಿಡಿದುಕೊಂಡು ನಿಂತೆ.

"ಅಣ್ಣಾ, ಆ ಕಡೆ ಇದ್ದೀರಾ?" ಎಂದಿತು ಹತ್ತಿ.

"ಇದ್ದೀನಿ ಸಾರ್."

"ಹೆದರ್ಬೇಡಿ, ಯಜಮಾನ ಹೋದ. ಮನುಷ್ಯ ಹೇಗೆ?"

"ದೇವರಂಥೋರು ಸಾರ್! ಇಂಥ ಯಜಮಾನ ಈ ಭೂಮಿ ಮೇಲೆ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ."

"ಅಯ್ಯೋ ಪಾಪ, ಎಷ್ಟು ಹೆದರಿಸಿಟ್ಟಿದ್ದಾನೆ!" ಎಂದರು ಧಿಕ್ಕಾರಪ್ಪ. "ರಜೆ ಕೊಡ್ತಾನಾ?"

"ಇಲ್ಲ."

"ಊಟಕ್ಕೆ ಬಿಡುವು?"

"ತಿಂತಾ ತಿಂತಾ ಹೊಲೀತೀವಿ."

"ಕಷ್ಟಸುಖ ಮಾತಾಡೋಕೆ ಜೊತೆಗೆ ಯಾರಿದ್ದಾರೆ?"

ನಾನು ಹಾಸಿಗೆಯಿಂದ ಹೊರಬಂದಿದ್ದ ಹತ್ತಿಯನ್ನು ಬೆರಳಿನಿಂದ ಒಳಗೆ ತುರುಕತೊಡಗಿದೆ.

"ಹೇಳಿ ಅಣ್ಣ. ಒಂದೇ ಒಂದು ಕೇಳ್ಕೊಳ್ಳಿ ಅಂದ್ರೆ ಏನು ಕೇಳ್ತೀರಿ? ಸಂಬಳ? ರಜೆ?"

"ಆ ಬದಿಗೊಬ್ಬ ಆಳು ಸಾರ್."

"ಅಷ್ಟೇನಾ? ನಾಳೇನೇ ಯಾರನ್ನಾದ್ರೂ ಕಳಿಸ್ತೀನಿ."

"ಯಾರಾದ್ರೂ ಆಗಲ್ಲ. ಹದ ಗೊತ್ತಿರ್ಬೇಕು. ನಾನು ಜೋರಾಗಿ ತಳ್ಳಿದ್ರೆ ಮೆತ್ತಗೆ ಎಳೀಬೇಕು. ನಾನು ಸುಳ್ಳು ಹೇಳಿದ್ರೆ ಆ ಕಡೆಯಿಂದ ನಗ್ಬೇಕು. ಕೆಮ್ಮಿದ್ರೆ, ನೀರು ಕುಡಿಯೋ ಅನ್ಬೇಕು."

ಧ್ವನಿ ಒಂಥರಾ ಬಂತು. ಮೂಗು ಹಿಡಿದಿದ್ದರಿಂದ, ಮತ್ತೇನಿಲ್ಲ.

"ಮುಷ್ಕರ!" ಎಂದು ಧಿಕ್ಕಾರಪ್ಪ ಗರ್ಜಿಸಿದರು. "ಕಾರ್ಮಿಕ ಬಂಧುಗಳೇ, ಹೊರಗೆ ಬನ್ನಿ!"

ಕಾರ್ಮಿಕ ಬಂಧುಗಳು ಹೊರಗೆ ಬಂದೆವು. ಅಂದರೆ ನಾನು ಬಂದೆ.

"ನೀವಲ್ಲ. ಕಾರ್ಮಿಕರು."

"ಅವರೂ ನಾನೇ ಸಾರ್."

ಬೇರೆ ಯಾರೇ ಆಗಿದ್ದರೂ ಕಪಾಳಕ್ಕೆ ಬಿಗಿಯುತ್ತಿದ್ದರು. ಧಿಕ್ಕಾರಪ್ಪ ಸಿದ್ಧಾಂತ ಬಲ್ಲವರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೀರು ತುಂಬಿಕೊಂಡು, ಸೇರಿದ್ದ ಜನರತ್ತ ತಿರುಗಿದರು. "ನೋಡಿ ಬಂಧುಗಳೇ! ದೊಡ್ಡ ಕಂಪನಿಯಲ್ಲಿ ಯಜಮಾನ ಸಂಜೆಗಾದ್ರೂ ಕಾರು ಹತ್ತಿ ಹೋಗ್ತಾನೆ. ಈ ಬಡಪಾಯಿಯ ಯಜಮಾನ ಇವನ ಜೊತೆಗೇ ಮನೆಗೆ ಬರ್ತಾನೆ, ಇವನ ತಟ್ಟೆಯಲ್ಲೇ ಉಣ್ತಾನೆ, ಇವನ ತಲೆದಿಂಬಿನ ಮೇಲೇ ಮಲಗ್ತಾನೆ! ಇದಕ್ಕಿಂತ ಘೋರ ಶೋಷಣೆ ಉಂಟೇ?"

"ಸತ್ಯ, ಸತ್ಯ," ಎಂದ ಕಟಿಂಗ್ ಶಾಪಿನವನು. ಅವನ ಯಜಮಾನನೂ ಅಂಥವನೇ. ಆ ಮಾತಿನೊಂದಿಗೆ ಸಂಘಕ್ಕೆ ನನ್ನ ಮೇಲಿದ್ದ ಮುನಿಸು ಇಳಿಯಿತು. ಚಪ್ಪಲಿ ಹೊಲಿಯುವವನು, ಬೀಗದ ಕೈ ಮಾಡುವವನು, ಎಲ್ಲರೂ ಜಗಲಿಯ ಮೇಲೆ ನನ್ನ ಪಕ್ಕ ಕೂತರು. ಧಿಕ್ಕಾರಪ್ಪ ಒಂದು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಆ ಬದಿಗೊಬ್ಬ ಆಳು ಬೇಕೇ ಬೇಕು' ಎಂದು ಬರೆದು ನನ್ನ ಕೊರಳಿಗೆ ಹಾಕಿದರು. ಒಬ್ಬ ಮನುಷ್ಯ ತನ್ನ ವಿರುದ್ಧ ತಾನೇ ಮುಷ್ಕರ ಹೂಡಿದ್ದು ಪ್ರಪಂಚದಲ್ಲಿ ಅದೇ ಮೊದಲು. ಬೇಕಾದರೆ ಯಾರನ್ನಾದರೂ ಕೇಳಿ.

ಮಾತುಕತೆಗೆ ಆಡಳಿತ ಮಂಡಳಿ ಬೇಕಲ್ಲ? ನನ್ನ ಹೆಂಡತಿಗೆ ಹೇಳಿ ಕಳಿಸಿದರು. ದಿಂಬಿಗೆ ಹತ್ತಿ ತುಂಬುತ್ತಿದ್ದವಳು ಹಾಗೇ ಎದ್ದು ಬಂದಳು, ತಲೆ ತುಂಬ ಹತ್ತಿ.

"ಮುಷ್ಕರ ಅಂದ್ರೆ ಕೆಲಸ ನಿಲ್ಸೋದಲ್ವಾ? ಇವರು ಶುರು ಮಾಡಿದ್ದು ಯಾವಾಗ?"

"ಆಡಳಿತ ಮಂಡಳಿ ಕಾರ್ಮಿಕರನ್ನ ಹೀಯಾಳಿಸ್ಬಾರ್ದು," ಎಂದರು ಧಿಕ್ಕಾರಪ್ಪ. "ಬೇಡಿಕೆ ಓದಿ ತಾಯಿ."

ನನ್ನ ಕೊರಳಿನ ಹಲಗೆಯನ್ನು ಓದಿದಳು. ಇನ್ನೊಮ್ಮೆ ಓದಿದಳು. ತುಟಿಯ ಮೇಲೆ ಬಂದಿದ್ದ ಚುಚ್ಚುಮಾತನ್ನು ನುಂಗಿಕೊಂಡಳು. "ಬೇಡಿಕೆ ನ್ಯಾಯವಾಗಿದೆ. ಆದ್ರೆ ಈಡೇರಿಸೋದು ನನ್ನ ಕೈಲಿಲ್ಲ," ಎಂದು ರಸ್ತೆಯ ಆಚೆ ನೋಡಿದಳು.

ಇಡೀ ಬೀದಿ ಅವಳ ಜೊತೆ ತಿರುಗಿ ನೋಡಿತು. ಗಾಜಿನ ಹಿಂದೆ ನನ್ನ ತಮ್ಮ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆಯಲ್ಲಿ ಅವನ ಬಾಯಿ ತೆರೆದಿರುತ್ತದೆ, ಅದು ನನಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ.

ಜನರನ್ನು ಕಟ್ಟಿಕೊಂಡು ಧಿಕ್ಕಾರಪ್ಪ ರಸ್ತೆ ದಾಟಿದರು. ಶೋರೂಮಿನ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದ. ಎದುರುಗಡೆಯ ಬೃಹತ್ ಉದ್ಯಮದ ಮುಷ್ಕರ ಇಲ್ಲಿಗೂ ಹಬ್ಬಬಹುದೆಂದು ಕೇಳಿ ಅವನ ಟೈ ತಾನಾಗಿಯೇ ಬಿಗಿಯಾಯಿತು. "ನಿಮ್ಮಣ್ಣ ಅಲ್ವೇನಪ್ಪಾ? ಹೋಗಿ ಅದೇನೂಂತ ಬಗೆಹರಿಸು," ಎಂದು ತಮ್ಮನನ್ನು ಹಾಸಿಗೆಯಿಂದ ಎಬ್ಬಿಸಿದ.

ಬಿಳಿ ಅಂಗಿ, ಬಿಳಿ ಪಾಯಿಜಾಮ, ಶೋರೂಮಿನ ಮೆತ್ತನೆಯ ಚಪ್ಪಲಿ. ಹಾಗೇ ರಸ್ತೆ ದಾಟಿ ಬಂದ. ಅವನು ಹೋದ ಮೇಲೆ ಆ ರಸ್ತೆಯನ್ನು ಈ ಕಡೆಗೆ ದಾಟಿದ್ದು ಅದೇ ಮೊದಲು. ನನ್ನ ಮುಂದೆ ನಿಂತು ಹಲಗೆ ಓದಿದ.

"ಬೇಡಿಕೆ ಇದೊಂದೇನಾ ಅಣ್ಣ?"

"ಅದು ಕಾರ್ಮಿಕರದ್ದು. ನನಗೂ ಅದಕ್ಕೂ ಸಂಬಂಧ ಇಲ್ಲ," ಎಂದೆ.

ಅವನು ಅತ್ತಿಗೆಯ ಮುಖ ನೋಡಿದ. ಅವಳು ತಲೆಯ ಹತ್ತಿ ಕೊಡವಿಕೊಳ್ಳುವ ನೆವದಲ್ಲಿ ಆ ಕಡೆ ತಿರುಗಿದಳು. ಅವನು ಅಂಗಿಯ ತೋಳು ಮಡಚಿ, ಚೌಕಟ್ಟನ್ನು ಸುತ್ತಿ ಹಾಸಿಗೆಯ ಹಿಂದೆ ಹೋದ.

"ದಬ್ಬಣ ಕಳಿಸು," ಎಂದಿತು ಹತ್ತಿ.

"ವಿಜಯ! ಕಾರ್ಮಿಕರ ವಿಜಯ!" ಎಂದು ಕೂಗುತ್ತ ಧಿಕ್ಕಾರಪ್ಪ ಇನ್ನೊಂದು ವಿಜಯ ಹುಡುಕಿಕೊಂಡು ಹೊರಟರು. ಜನ ಕರಗಿದರು. ನಾನು ತಳ್ಳಿದೆ, ಆ ಕಡೆಯಿಂದ ಮೆತ್ತಗೆ ಎಳೆತ ಬಂತು. ದಬ್ಬಣ ಹೋಯಿತು, ಬಂತು. ನಾನು ಎಲ್ಲಿಗೂ ಓಡಬೇಕಾಗಿರಲಿಲ್ಲ.

"ಅಣ್ಣ."

"ಏನೋ."

"ಅಲ್ಲಿ ಕಾಯಿಲೆ ಬಿದ್ರೂ ಸಂಬಳ ಬರುತ್ತೆ."

"ಬರ್ಲಿ ಬಿಡು."

"ಮದುವೆ ಮಾತು ನಡೀತಿದೆ. ಹುಡುಗಿ ಮನೆಯೋರು ಎಲ್ಲಿ ಕೆಲಸ ಅಂದ್ರು. ಕಂಪನಿ ಹೆಸರು ಹೇಳ್ದೆ. ಆಮೇಲೆ ಏನೂ ಕೇಳ್ಲಿಲ್ಲ."

ದಬ್ಬಣ ಹೋಯಿತು. ಬಂತು.

"ಇಲ್ಲೂ ಬೃಹತ್ ಉದ್ಯಮ ಅಂತ ಚೀಟಿ ಇದೆ. ಅವರಿಗೆ ಅದನ್ನ ತೋರಿಸು," ಎಂದೆ.

ಆ ಕಡೆಯಿಂದ ನಗು ಕೇಳಿಸಿತು. "ನೋಡ್ದೆ. ನೀನು ಮೇಡಂ ಹತ್ರ ಕೂಗಿದ್ದೂ ಕೇಳಿಸ್ತು. ಖಾಲಿ ಹುದ್ದೆ."

"ಮತ್ತೆ?"

"ಇಬ್ರು ಹೊಲಿದ್ರೆ ಹಾಸಿಗೆ ಬೇಗ ಬೇಗ ಆಗುತ್ತೆ ಅಣ್ಣ. ಕೊಳ್ಳೋರು ಎಲ್ಲಿದ್ದಾರೆ?"

"ನನ್ನ ಹಾಸಿಗೆ ಮೇಲೆ ಒಮ್ಮೆ ಮಲಗಿದೋರು ಇನ್ನೊಂದು ಕೊಳ್ಳೋಕೆ ಏಳೋದೇ ಇಲ್ವಲ್ಲೋ. ಅದಕ್ಕೇ ವ್ಯಾಪಾರ ಕಮ್ಮಿ."

ಮತ್ತೆ ನಗು. ನಾನು ಕೆಮ್ಮಿದೆ. ಹತ್ತಿಯ ಧೂಳಿಗೋ ಏನೋ.

"ನೀರು ಕುಡಿಯೋ," ಎಂದ.

ಕೊನೆಯ ಸಾಲು ಮುಗಿಯಿತು. ಇನ್ನು ಗಂಟು ಹಾಕಿ ಹಾಸಿಗೆಯನ್ನು ಮಲಗಿಸಬೇಕು. ಮಲಗಿಸಿದರೆ ನಡುವೆ ಏನೂ ಇರುವುದಿಲ್ಲ, ಮುಖ ನೋಡಿ 'ಹೋಗಿ ಬಾ' ಎನ್ನಬೇಕು. ನಾನು ಗಂಟು ಹಾಕಲಿಲ್ಲ. ಮೇಲಿನ ಎರಡು ಸಾಲುಗಳ ನಡುವೆ, ಹೊಲಿಗೆಯೇ ಬೇಡವಾದ ಜಾಗದಲ್ಲಿ, ದಬ್ಬಣ ಚುಚ್ಚಿ ತಳ್ಳಿದೆ.

ಆ ಕಡೆ ದಬ್ಬಣ ಒಂದು ಕ್ಷಣ ನಿಂತಿತು. ಹತ್ತಿಯಲ್ಲೇ ಹುಟ್ಟಿ ಬೆಳೆದವನು. ಅಲ್ಲಿ ಹೊಲಿಗೆ ಬೀಳಬಾರದೆಂದು ಅವನಿಗೆ ಹೇಳಿಕೊಡಬೇಕೇ? ಆಮೇಲೆ ದಬ್ಬಣ ಮೆತ್ತಗೆ ಹೋಯಿತು. ಮ್ಯಾನೇಜರು ಎದುರಿನಿಂದ ಅವನ ಹುದ್ದೆಯ ಹೆಸರು ಹಿಡಿದು ಕೂಗಿದ. ದಬ್ಬಣ ವಾಪಸ್ ಬಂತು, ಅದೂ ಬೇಡವಾದ ಜಾಗದಲ್ಲೇ. ಮತ್ತೆ ತಳ್ಳಿದೆ. ಮತ್ತೆ ಬಂತು. ಸಾಲುಗಳ ನಡುವೆ ಸಾಲು ಹೊಲಿದೆವು, ಆ ಸಾಲುಗಳ ನಡುವೆ ಇನ್ನೊಂದು ಸಾಲು. 'ಸಾಕು ಅಣ್ಣ' ಎಂದು ಅವನು ಅನ್ನಲಿಲ್ಲ. ಮ್ಯಾನೇಜರೇ ರಸ್ತೆ ದಾಟಿ ಬಂದು ಕರೆಯುವವರೆಗೆ ಅನ್ನಲಿಲ್ಲ.

ಅಷ್ಟು ಒತ್ತಾಗಿ ಹೊಲಿದ ಹಾಸಿಗೆ ಮೂರು ಲೋಕದಲ್ಲಿ ಇನ್ನೊಂದಿಲ್ಲ. ಕಲ್ಲು ಅದರ ಮುಂದೆ ಬೆಣ್ಣೆ. "ಇದರ ಮೇಲೆ ಮಲಗೋದು ಹೇಗ್ರೀ?" ಎಂದು ಗಿರಾಕಿ ಮರುದಿನವೇ ತಂದು ಒರಗಿಸಿ ಹೋದ. ಅವನಿಗೆ ಮತ್ತೆ ಒಬ್ಬನೇ ಸುತ್ತಿ ಸುತ್ತಿ ಬೇರೊಂದು ಹೊಲಿದು ಕೊಟ್ಟೆ. ಇದನ್ನು ಯಾರಿಗೂ ಮಾರುವುದಿಲ್ಲ. ಅಂಗಡಿಯ ಒಳಗೆ ಗೋಡೆಗೆ ನಿಲ್ಲಿಸಿದ್ದೇನೆ, ನನ್ನ ಬದಿ ಗೋಡೆಗೆ, ಆ ಬದಿ ನನಗೆ ಕಾಣುವ ಹಾಗೆ. ಆ ಬದಿಯ ಹೊಲಿಗೆ ನನ್ನದಕ್ಕಿಂತ ನೆಟ್ಟಗಿದೆ. ಇದೊಂದನ್ನು ಮಾತ್ರ ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ.